ಮೇಜು ತಟ್ಟುವವರಿಲ್ಲದ ಮನೆ

ಮಗಳನ್ನು ಮಠದಿಂದ ಹೊರಗೆ ಎಳೆದು ತಂದ ದಿನ ವಾಲ್ಬುರ್ಗಾಳಿಗೆ ತಾನು ಪುಣ್ಯದ ಕೆಲಸ ಮಾಡುತ್ತಿದ್ದೇನೆಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಎಳೆದು ತಂದದ್ದು ಎನ್ನುವುದು ಬರಿಯ ಮಾತಲ್ಲ. ಅಪೊಲೋನಿಯಾ ಮಠದ ಪ್ರಾರ್ಥನಾಮಂದಿರದ ಬೆಂಚನ್ನು ಎರಡೂ ಕೈಯಿಂದ ತಬ್ಬಿ ಹಿಡಿದುಬಿಟ್ಟಿದ್ದಳು. ಒಂದು ಕೈಯನ್ನು ಅಣ್ಣ ಫೈಟ್ ಬಿಡಿಸಿದ. ಇನ್ನೊಂದನ್ನು ತಾಯಿಯೇ ಬೆರಳು ಬೆರಳಾಗಿ ಬಿಡಿಸಿದಳು. ಜೊತೆಗೆ ಬಂದಿದ್ದ ನಗರಸಭೆಯ ಪೇದೆ ಮುಜುಗರಪಟ್ಟುಕೊಂಡು ಗೋಡೆ ನೋಡುತ್ತ ನಿಂತಿದ್ದ.

ಮಠದ ಹಿರಿಯಮ್ಮ ಅಳಲಿಲ್ಲ, ಶಾಪ ಹಾಕಲಿಲ್ಲ. ಹೆಬ್ಬಾಗಿಲ ತನಕ ಬಂದು ಇಷ್ಟೇ ಹೇಳಿದಳು. "ನಗರಸಭೆಯವರ ಆಜ್ಞೆ ನಿಮಗೂ ಗೊತ್ತಲ್ಲ ತಾಯಿ. ಒಳಗಿರೋರು ಸಾಯೋ ತನಕ ಇರಬಹುದು. ಹೊಸಬರನ್ನ ಸೇರಿಸ್ಕೊಳ್ಳೋ ಹಾಗಿಲ್ಲ. ಹೊಸಿಲು ದಾಟಿದೋರನ್ನ ವಾಪಸ್ ಬಿಟ್ಕೊಳ್ಳೋ ಹಾಗೂ ಇಲ್ಲ. ಇನ್ನೊಂದು ಸಲ ಯೋಚನೆ ಮಾಡಿ."

"ನನ್ನ ಮಗಳು. ಯೋಚನೆ ಎಲ್ಲ ಮಾಡಿ ಆಗಿದೆ," ಎಂದಳು ವಾಲ್ಬುರ್ಗಾ.

ಯೋಚನೆ ಮಾಡಿದ್ದಳು, ಸುಳ್ಳಲ್ಲ. ಮಠ, ಸನ್ಯಾಸ, ಉಪವಾಸ ಯಾವುದೂ ಬೇಡವೆನ್ನುವ ಹೊಸ ಬೋಧನೆ ಊರಿಗೆ ಬಂದು ಎರಡು ಚಳಿಗಾಲ ಕಳೆದಿತ್ತು. ದೊಡ್ಡ ಚರ್ಚಿನಲ್ಲಿ ಲ್ಯಾಟಿನ್ ಮಂತ್ರ ನಿಂತು ಎಲ್ಲರಿಗೂ ತಿಳಿಯುವ ಜರ್ಮನ್ ಮಾತಿನಲ್ಲೇ ಪ್ರವಚನ ನಡೆಯುತ್ತಿತ್ತು. ಪ್ರವಚನಕಾರ ಲಿನ್‌ಹಾರ್ಟ್ ಒಂದು ಭಾನುವಾರ, ಹಾಲುಗಲ್ಲದ ಹೆಣ್ಣುಮಕ್ಕಳನ್ನು ಮಠದೊಳಗೆ ತಳ್ಳಿ ಬಾಗಿಲು ಹಾಕಿಸಿದ ತಂದೆ ತಾಯಂದಿರು ಕಡೆಯ ದಿನ ದೇವರ ಮುಂದೆ ಏನು ಉತ್ತರ ಕೊಡುತ್ತಾರೆ ಎಂದು ಕೇಳಿದ್ದ. ಇಡೀ ಚರ್ಚಿನಲ್ಲಿ ಆ ಪ್ರಶ್ನೆಯನ್ನು ತನಗೊಬ್ಬಳಿಗೇ ಕೇಳಿದನೆಂದು ವಾಲ್ಬುರ್ಗಾಳಿಗೆ ಅನ್ನಿಸಿತು. ಅಪೊಲೋನಿಯಾಳನ್ನು ಮಠಕ್ಕೆ ಬಿಟ್ಟಾಗ ಅವಳಿಗಿನ್ನೂ ಎಂಟು ವರ್ಷ. ಆಗ ವಾಲ್ಬುರ್ಗಾಳ ಗಂಡ ಯೋರ್ಗ್‌ಗೆ ಅಚ್ಚುಕೂಟ ತೆರೆಯುವ ಹುಚ್ಚು. ಮನೆಯಲ್ಲಿದ್ದ ಗಂಟು ಒಂದೇ, ಅದರಲ್ಲಿ ಒಂದೋ ಮಗಳಿಗೆ ವರದಕ್ಷಿಣೆ ಕೂಡಿಡಬೇಕು, ಇಲ್ಲವೇ ಅಚ್ಚಿನ ಯಂತ್ರ ಕೊಳ್ಳಬೇಕು. ಮಠದವರು ಕೇಳುವುದು ಗಂಡಿನ ಕಡೆಯವರು ಕೇಳುವುದಕ್ಕಿಂತ ಬಹಳ ಕಡಿಮೆ ಎಂದು ಲೆಕ್ಕ ಹಾಕಿ ದಾರಿ ತೋರಿಸಿದವಳು ವಾಲ್ಬುರ್ಗಾ. ಯೋರ್ಗ್ ಎರಡು ದಿನ ಊಟ ಬಿಟ್ಟಿದ್ದ, ಆಮೇಲೆ ಒಪ್ಪಿದ್ದ. ಈಗ ಅವನು ಮಣ್ಣಾಗಿದ್ದಾನೆ. ಉತ್ತರ ಕೊಡಬೇಕಾದವಳು ಇವಳೊಬ್ಬಳೇ.

ಅದಕ್ಕೇ ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಬರುವಾಗ, ಬೀದಿಯವರು ಟೊಪ್ಪಿ ಎತ್ತಿ ಕೂಗು ಹಾಕುವಾಗ, ಅವಳ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಪಕ್ಕದಲ್ಲಿ ಕೂತವಳ ಮುಖವನ್ನು ಅವಳು ದಾರಿಯುದ್ದಕ್ಕೂ ಸರಿಯಾಗಿ ನೋಡಲೇ ಇಲ್ಲ. ನೋಡಬೇಕಾಗಿತ್ತು.

ಮೊದಲ ದಿನದ ಊಟಕ್ಕೆ ಸೊಸೆ ಕುನಿಗುಂಡಾ ಕೈ ಬಿಚ್ಚಿ ಅಡುಗೆ ಮಾಡಿದ್ದಳು. ಹಂದಿಮಾಂಸ ಹಾಕಿ ಬೇಯಿಸಿದ ಬಟಾಣಿ, ಹುಳಿ ಎಲೆಕೋಸು, ರೈ ರೊಟ್ಟಿ, ದೊಡ್ಡ ಜಗ್ಗಿನ ತುಂಬ ಬಿಯರ್. ಅಚ್ಚುಕೂಟದ ಆಳುಗಳೂ ಮೇಜಿಗೆ ಬಂದಿದ್ದರು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಅಪೊಲೋನಿಯಾ ಮಾತ್ರ ತುಟಿ ಬಿಚ್ಚಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎರಡೂ ಕೈಯ ಬೆರಳು ಜೋಡಿಸಿ ಗಾಳಿಯಲ್ಲಿ ಒಂದು ದುಂಡು ಮಾಡಿ ತೋರಿಸಿದಳು. ಯಾರಿಗೂ ಅರ್ಥವಾಗಲಿಲ್ಲ. ಫೈಟ್‌ನ ಏಳು ವರ್ಷದ ಮಗಳು ಒಟ್ಟೀಲಿಯಾ ಮಾತ್ರ ಬಾಯಲ್ಲಿದ್ದುದನ್ನು ನುಂಗಿ, "ಅತ್ತೆಗೆ ರೊಟ್ಟಿ ಬೇಕಂತೆ," ಎಂದಳು.

ಹೌದಾಗಿತ್ತು. ಮಠದಲ್ಲಿ ಊಟದ ಹೊತ್ತಿಗೆ ಮಾತಿಲ್ಲ, ಒಬ್ಬರು ಗ್ರಂಥ ಓದುತ್ತಾರೆ, ಉಳಿದವರು ಕೈಸನ್ನೆಯಲ್ಲೇ ಬೇಕು ಬೇಡ ತಿಳಿಸುತ್ತಾರೆ. ದುಂಡು ಎಂದರೆ ರೊಟ್ಟಿ. ಅಂಗೈ ಬಾಲದಂತೆ ಆಡಿಸಿದರೆ ಮೀನು. ಕಿರುಬೆರಳು ಹಿಂಡಿದರೆ ಹಾಲು. ಇಪ್ಪತ್ತಮೂರು ವರ್ಷ ಹೀಗೇ ಉಂಡವಳಿಗೆ ಗದ್ದಲದ ನಡುವೆ ಬಾಯಿ ತೆರೆದು ಕೇಳಲು ನಾಚಿಕೆ. ಆಳುಗಳು ಮುಸಿಮುಸಿ ನಕ್ಕರು. ಅದೇ ಗಲಿಬಿಲಿಯಲ್ಲಿ ಅವಳ ಮೊಣಕೈ ತಾಗಿ ಮಣ್ಣಿನ ಬಟ್ಟಲು ನೆಲಕ್ಕೆ ಬಿದ್ದು ಚೂರಾಯಿತು.

ಅಪೊಲೋನಿಯಾ ಎದ್ದಳು. ಎದೆಗೆ ಮುಷ್ಟಿಯಿಂದ ಮೂರು ಸಲ ಬಡಿದುಕೊಂಡಳು. ಮೇಜಿನ ಮುಂದೆ ಬಂದು ಕಲ್ಲುಹಾಸಿನ ಮೇಲೆ ಮೊಣಕಾಲೂರಿ ತಲೆ ಬಗ್ಗಿಸಿದಳು. ಎದ್ದೇಳೇ ಎಂದು ವಾಲ್ಬುರ್ಗಾ ಹೇಳಿದಳು. ಒಂದು ಬಟ್ಟಲು ತಾನೇ ಎಂದು ಕುನಿಗುಂಡಾ ಹೇಳಿದಳು. ಅವಳು ಅಲುಗಲಿಲ್ಲ. ಆಳುಗಳ ನಗು ನಿಂತುಹೋಯಿತು. ಬಟಾಣಿ ತಣ್ಣಗಾಯಿತು. ಕೊನೆಗೆ ಫೈಟ್‌ಗೆ ರೇಗಿಹೋಯಿತು. "ಇದು ಮನೆ ಕಣೆ, ಸೆರೆಮನೆ ಅಲ್ಲ," ಎಂದು ಮೇಜಿನ ಮೇಲೆ ಗುದ್ದಿದ. ಗುದ್ದಿದ ಸದ್ದಿಗೆ ಅಪೊಲೋನಿಯಾ ಸರಕ್ಕನೆ ಎದ್ದಳು, ಅವನಿಗೆ ತಲೆ ಬಾಗಿಸಿದಳು, ತನ್ನ ಜಾಗದಲ್ಲಿ ಕೂತು ಉಣ್ಣತೊಡಗಿದಳು.

ಇದರ ಗುಟ್ಟನ್ನು ಒಟ್ಟೀಲಿಯಾ ಮಾರನೆಯ ದಿನವೇ ಅತ್ತೆಯನ್ನು ಕೇಳಿ ತಿಳಿದುಕೊಂಡು ಅಜ್ಜಿಗೆ ಹೇಳಿದಳು. ಮಠದಲ್ಲಿ ತಪ್ಪು ಮಾಡಿದವರು ಮೊಣಕಾಲೂರುತ್ತಾರೆ. ಹಿರಿಯಮ್ಮ ಮೇಜು ತಟ್ಟಿದರೆ ಆ ತಪ್ಪು ತೀರಿತೆಂದು ಅರ್ಥ. ಆಮೇಲೆ ಅದರ ಸುದ್ದಿ ಯಾರೂ ಎತ್ತುವುದಿಲ್ಲ. ಎಷ್ಟು ಸುಲಭ ನೋಡು ಎಂದು ವಾಲ್ಬುರ್ಗಾ ನಕ್ಕಳು. ನಮ್ಮ ಮನೆಯಲ್ಲಾದರೆ ಒಂದು ತಪ್ಪನ್ನು ಮೂರು ತಲೆಮಾರು ಮೆಲುಕು ಹಾಕುತ್ತಾರೆ ಎಂದೂ ಸೇರಿಸಿದಳು.

ವಾರಗಳು ಕಳೆದವು. ಬಿಡುಗಡೆಯಾದ ಸನ್ಯಾಸಿನಿಯನ್ನು ನೋಡಲು ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಕತ್ತರಿಸಿದ ಅವಳ ತಲೆಗೂದಲು ನೋಡಿ, ಅಯ್ಯೋ ಪಾಪ ಎಂದು ಹೇಳಿ, ಬಿಯರ್ ಕುಡಿದು ಹೋದರು. ಫೈಟ್‌ಗೆ ಹೆಮ್ಮೆಯೋ ಹೆಮ್ಮೆ. ಹಿಂದೆಲ್ಲ ಅಚ್ಚುಕೂಟದಲ್ಲಿ ಪ್ರಾರ್ಥನೆಯ ಪುಸ್ತಕ, ಪಂಚಾಂಗ, ವಿದ್ವಾಂಸರಿಗೆಂದು ಹಳೆಯ ರೋಮಿನವರ ಗ್ರಂಥ ಅಚ್ಚಾಗುತ್ತಿದ್ದವು. ಈಗ ನಾಲ್ಕು ಹಾಳೆಯ ಕಿರುಹೊತ್ತಗೆಗಳದೇ ಸುಗ್ಗಿ. ಮಠಗಳನ್ನು ಹೀಯಾಳಿಸುವ ಹೊತ್ತಗೆ ಬೆಳಿಗ್ಗೆ ಅಚ್ಚಾದರೆ ಸಂಜೆಗೆ ಖಾಲಿ. ಮೊದಲ ಪುಟದಲ್ಲಿ ದಪ್ಪ ಮೂಗಿನ ಸನ್ಯಾಸಿನಿ ಬಿಯರ್ ಪೀಪಾಯಿ ತಬ್ಬಿಕೊಂಡಿರುವ ಚಿತ್ರ.

ಆ ಒದ್ದೆ ಹಾಳೆಗಳನ್ನು ಹಗ್ಗದ ಮೇಲೆ ಒಣಹಾಕುವ ಕೆಲಸ ಅಪೊಲೋನಿಯಾಳಿಗೆ ಬಂತು. ಬೇಕೆಂದು ಕೊಟ್ಟದ್ದಲ್ಲ. ಒಲೆಯ ಮುಂದೆ ಅವಳಿಂದ ಆಗುತ್ತಿರಲಿಲ್ಲ, ಪೇಟೆಗೆ ಕಳಿಸಿದರೆ ಚೌಕಾಸಿ ಬಾರದು, ಒಂದು ದಿನ ಮೊಟ್ಟೆ ತರಲು ಹೋದವಳು ಬುಟ್ಟಿ ಸಮೇತ ದಾರಿಯ ಭಿಕ್ಷುಕಿಗೆ ಕೊಟ್ಟು ಬಂದಿದ್ದಳು. ಹಾಳೆಗಳನ್ನಾದರೆ ಅವಳು ಒಂದರ ಅಂಚಿಗೆ ಇನ್ನೊಂದು ತಾಗದಂತೆ ಅಂದವಾಗಿ ನೇತುಹಾಕುತ್ತಿದ್ದಳು. ಓದುತ್ತಿದ್ದಳು ಕೂಡ. ಓದಿ ಏನೂ ಹೇಳುತ್ತಿರಲಿಲ್ಲ. ಒಮ್ಮೆ ವಾಲ್ಬುರ್ಗಾ, ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದಾಗ ಮಾತ್ರ, "ನಮ್ಮ ಮಠದಲ್ಲಿ ಬಿಯರ್ ನೀರು ನೀರಾಗಿರ್ತಿತ್ತು, ಯಾರೂ ತಬ್ಕೊಳ್ತಿರ್ಲಿಲ್ಲ," ಎಂದಳು. ವಾಲ್ಬುರ್ಗಾಳಿಗೆ ನಗು ಬಂತು. ಮಗಳೂ ಒಂದಿಷ್ಟು ನಕ್ಕಳೆಂದು ಅವಳ ನೆನಪು. ಆ ಒಂದು ನಗೆಯನ್ನು ಅವಳು ಆಮೇಲೆ ಬಹಳ ದಿನ ಜೋಪಾನ ಮಾಡಿಕೊಂಡಿದ್ದಳು.

ಕುನಿಗುಂಡಾ ಕೆಟ್ಟವಳಲ್ಲ, ದಣಿದವಳು. ಎದೆಹಾಲು ಕುಡಿಯುವ ಕೂಸೊಂದು, ಒಟ್ಟೀಲಿಯಾ, ಗಂಡ, ಅತ್ತೆ, ಜೊತೆಗೆ ಆಳುಗಳಿಗೆ ಎರಡು ಹೊತ್ತು ಬೇಯಿಸಿ ಹಾಕಬೇಕು. ಅಪೊಲೋನಿಯಾ ನಸುಕಿಗೂ ಮುಂಚೆ ಎದ್ದು ಅಟ್ಟದ ಮೇಲೆ ಸಣ್ಣ ದನಿಯಲ್ಲಿ ಲ್ಯಾಟಿನ್ ಕೀರ್ತನೆ ಹಾಡಿಕೊಳ್ಳುತ್ತಿದ್ದಳು. ಕೂಸು ಎಚ್ಚರವಾಗಿ ಅಳುತ್ತಿತ್ತು. ಕೂಸಿನ ಜೊತೆ ಮನೆಯೇ ಎಚ್ಚರವಾಗುತ್ತಿತ್ತು. ಒಂದು ಬೆಳಿಗ್ಗೆ ಹಿಟ್ಟು ನಾದುತ್ತ ಕುನಿಗುಂಡಾ ಮನಸ್ಸಿನಲ್ಲಿದ್ದುದನ್ನು ಹೇಳಿಯೇಬಿಟ್ಟಳು.

"ನಿಮ್ಮ ಮಗಳು ಒಳ್ಳೆಯವಳೇ ಅತ್ತೆ. ಆದ್ರೆ ಅವಳ ಜೊತೆ ಇರಬೇಕು ಅಂದ್ರೆ ನಾವೂ ಸನ್ಯಾಸ ತಗೋಬೇಕಾಗತ್ತೆ."

"ಅಭ್ಯಾಸ ಆಗೋ ತನಕ ಅಲ್ವೇನೆ."

"ಯಾರಿಗೆ ಅಭ್ಯಾಸ? ಅವಳಿಗೋ ನಮಗೋ?"

ವಾಲ್ಬುರ್ಗಾ ಹಿಟ್ಟಿನ ಇನ್ನೊಂದು ಮುದ್ದೆ ಎತ್ತಿಕೊಂಡಳು. ಮಗಳು ತನ್ನನ್ನು ನೀವು ಎಂದು ಕರೆಯುವುದು ಅವಳಿಗೂ ಅಭ್ಯಾಸವಾಗಿರಲಿಲ್ಲ. ಫೈಟ್ ಬಾಯಿತುಂಬ ನೀನು ಎನ್ನುತ್ತಾನೆ. ಇವಳದು ಅತಿಥಿಯ ಮರ್ಯಾದೆ.

ಈಸ್ಟರಿಗೆ ಮುಂಚಿನ, ಮಾಂಸ ಮುಟ್ಟಬಾರದ ಉಪವಾಸದ ಕಾಲ ಬಂತು. ಊರಲ್ಲಿ ಆ ವರ್ಷ ಉಪವಾಸ ಮುರಿಯುವುದೇ ಭಕ್ತಿಯಾಗಿತ್ತು. ಶುಕ್ರವಾರ ಬೇಕೆಂದೇ ಫೈಟ್ ಸಾಸೇಜು ಸುಡಿಸಿ, ಪ್ರವಚನಕಾರ ಲಿನ್‌ಹಾರ್ಟ್‌ನನ್ನು ಊಟಕ್ಕೆ ಕರೆದ. ಲಿನ್‌ಹಾರ್ಟ್ ಹಿಂದೆ ತಾನೂ ಮಠದಲ್ಲಿದ್ದವನು. ನಲವತ್ತರ ಮೇಲಿನ ಪ್ರಾಯ, ದೊಡ್ಡ ದನಿ, ಒಳ್ಳೆಯ ಹಸಿವು, ಕೆಟ್ಟ ಮನಸ್ಸಿಲ್ಲ. ಗುರುಗಳು ಮದುವೆಯಾಗಿ ಜನಕ್ಕೆ ದಾರಿ ತೋರಿಸಬೇಕೆಂದು ಅವನೇ ಬೋಧಿಸಿದ್ದರಿಂದ ಈಗ ಅವನಿಗೊಬ್ಬಳು ಹೆಂಡತಿ ಬೇಕಾಗಿತ್ತು. ಅಪೊಲೋನಿಯಾ ಒಣ ರೊಟ್ಟಿ ಮುರಿದು ತಿನ್ನುತ್ತ ಕೂತಿದ್ದಳು. ಅವನು ಅವಳ ಕಡೆ ಸಾಸೇಜಿನ ತಟ್ಟೆ ಸರಿಸಿದ. ಅವಳು ಅಷ್ಟೇ ಮೃದುವಾಗಿ ಅದನ್ನು ವಾಪಸು ಸರಿಸಿದಳು. ಊಟ ಮುಗಿಯುವುದರೊಳಗೆ ಆ ತಟ್ಟೆ ಹೀಗೆ ಹಲವು ಸಲ ಹೋಗಿ ಬಂತು, ಒಟ್ಟೀಲಿಯಾ ನಗು ತಡೆಯಲಾರದೆ ಮೇಜಿನ ಕೆಳಗೆ ಇಳಿದಳು.

ಅವನು ಹೋದ ಮೇಲೆ ಫೈಟ್ ವಿಷಯ ತೆಗೆದ. ಈಸ್ಟರ್ ಕಳೆದ ಮೇಲೆ ಮದುವೆ ಎಂದು ಅವರಿಬ್ಬರೂ ಮಾತಾಡಿಕೊಂಡಾಗಿತ್ತು. ಪ್ರವಚನಕಾರ ಸನ್ಯಾಸಿನಿಯ ಕೈ ಹಿಡಿದರೆ ಊರಿಗೇ ಮಾದರಿ, ಅಚ್ಚುಕೂಟಕ್ಕೂ ಹೆಸರು, ಅಟ್ಟವೂ ಖಾಲಿ ಎಂದು ಅವನು ಒಂದೇ ಉಸಿರಿಗೆ ಹೇಳಿದ.

"ಅವಳನ್ನ ಕೇಳಿದ್ಯಾ?" ಎಂದಳು ವಾಲ್ಬುರ್ಗಾ.

"ಕೇಳೋದೇನಮ್ಮ? ಮಠದಿಂದ ಕರ್ಕೊಂಡ್ ಬರೋವಾಗ ನೀನು ಕೇಳಿದ್ಯಾ? ಬೆರಳು ಬಿಡಿಸಿದ್ದು ಯಾರು?"

ವಾಲ್ಬುರ್ಗಾಳಿಗೆ ಮೈಯೆಲ್ಲ ಉರಿಯಿತು. "ಅವಳ ಮದುವೆ ದುಡ್ಡಲ್ಲಿ ಕೊಂಡ ಯಂತ್ರದ ಮೇಲೆ ಕೂತ್ಕೊಂಡು ಅವಳ ಮದುವೆ ಮಾತಾಡ್ತೀಯಲ್ಲೋ. ನಿಂಗೊಂದಿಷ್ಟು ನಾಚಿಕೆ ಇದ್ಯಾ?"

"ಯಂತ್ರ ಕೊಂಡಾಗ ನಂಗೆ ಹನ್ನೊಂದು ವರ್ಷ. ನಾನೇನು ಬೇಡಿದ್ನಾ? ಆ ಲೆಕ್ಕ ನಿಂದು ಅಪ್ಪಂದು. ಅದನ್ನ ನನ್ನ ತಲೆಗೆ ಕಟ್ಟಬೇಡ."

ಅಪೊಲೋನಿಯಾ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದವಳು ನಿಂತಳು. ಯಂತ್ರದ ಮಾತು ಅವಳಿಗೆ ಹೊಸದು. ತನ್ನನ್ನು ದೇವರಿಗೆ ಹರಕೆಯಾಗಿ ಒಪ್ಪಿಸಿದ್ದರೆಂದು ಅವಳು ಅಷ್ಟು ವರ್ಷವೂ ನಂಬಿದ್ದಳು. ಹಾಗೆಂದು ಹೇಳಿದ್ದವಳು ವಾಲ್ಬುರ್ಗಾಳೇ. ಮಗಳು ತಾಯಿಯ ಮುಖ ನೋಡಿದಳು, ಕೆಳಗಿನ ಕೋಣೆಯಲ್ಲಿ ಕಿರ್ರೆನ್ನುತ್ತಿದ್ದ ಯಂತ್ರದ ಕಡೆ ಕಿವಿಗೊಟ್ಟಳು, ಮತ್ತೆ ತಟ್ಟೆ ಜೋಡಿಸತೊಡಗಿದಳು. ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಇಬ್ಬರೇ ನದಿಯ ಕಟ್ಟೆಯ ಮೇಲೆ ಬಟ್ಟೆ ಒಗೆಯುತ್ತಿದ್ದಾಗ ವಾಲ್ಬುರ್ಗಾ ಕೈಯಲ್ಲಿದ್ದ ಒದ್ದೆ ದುಪ್ಪಟಿ ಕಲ್ಲಿನ ಮೇಲೆ ಬಿಟ್ಟಳು. ಮಗಳ ಬಾಳನ್ನು ತಾನು ಎರಡು ಸಲ ತೀರ್ಮಾನ ಮಾಡಿದೆ, ಮೂರನೆಯ ಸಲ ಮಾಡುವುದಿಲ್ಲ ಎಂದು ರಾತ್ರಿಯೆಲ್ಲ ತನಗೆ ತಾನೇ ಹೇಳಿಕೊಂಡಿದ್ದಳು. ಆದರೆ ಬಾಯಿಗೆ ಬಂದದ್ದು ಬರೀ ಒಂದು ಮಾತು.

"ನಿಂಗೇನು ಬೇಕು ಹೇಳೆ."

ಇಂಥ ಪ್ರಶ್ನೆಯನ್ನು ಯಾರೂ ಅಪೊಲೋನಿಯಾಳನ್ನು ಕೇಳಿರಲಿಲ್ಲ. ಮಠದಲ್ಲೂ ಕೇಳುವ ಪದ್ಧತಿಯಿಲ್ಲ.

"ನನ್ನನ್ನ ಬಿಟ್ಟು ಹೋದ್ರಲ್ಲ, ಆಗ ಒಂದು ವರ್ಷ ಅತ್ತಿದ್ದೆ," ಎಂದಳು ಅವಳು. "ದಿನಾ ಬಾಗಿಲ ಹತ್ರ ಹೋಗಿ ನಿಂತ್ಕೋತಿದ್ದೆ. ಆಗ ಬಂದಿದ್ರೆ ನಿಮ್ಮ ಕುತ್ತಿಗೆಗೆ ಜೋತು ಬೀಳ್ತಿದ್ದೆ. ಆಮೇಲೆ ಅದೇ ಮನೆ ಆಯ್ತು. ನಂಗೆ ಮನೆಗೆ ಹೋಗ್ಬೇಕು."

ಅಷ್ಟು ಮಾತು ಅವಳು ಬಂದಾಗಿನಿಂದ ಆಡಿರಲಿಲ್ಲ. ವಾಲ್ಬುರ್ಗಾ ದುಪ್ಪಟಿ ಹಿಂಡಿದಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು. ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿಬಿಟ್ಟಳು. ಹಿರಿಯಮ್ಮ ಬಾಗಿಲಲ್ಲಿ ನಿಂತು ಹೇಳಿದ್ದು ಅವಳಿಗೆ ಮರೆತಿರಲಿಲ್ಲ. ಆದರೂ ತಾಯಿಯೊಬ್ಬಳು ಹೋಗಿ ಬೇಡಿಕೊಂಡರೆ ಯಾವ ಬಾಗಿಲು ತಾನೇ ತೆರೆಯುವುದಿಲ್ಲ ಎಂಬ ಧೈರ್ಯ. ಮಗಳಿಗೂ ಆ ಧೈರ್ಯ ಹತ್ತಿರಬೇಕು. ಅಂದು ಮಧ್ಯಾಹ್ನ ಅವಳು ಅಟ್ಟ ಗುಡಿಸಿ, ಹಾಸಿಗೆ ಮಡಚಿಟ್ಟು, ಒಟ್ಟೀಲಿಯಾಳಿಗೆ ಹಾಲಿನ ಸನ್ನೆ, ಉಪ್ಪಿನ ಸನ್ನೆ ಎಲ್ಲ ಇನ್ನೊಮ್ಮೆ ಹೇಳಿಕೊಟ್ಟಳು.

ವಾಲ್ಬುರ್ಗಾ ಮೊದಲು ಒಬ್ಬಳೇ ಹೋಗಿ ಮಾತಾಡಿ ಬರುತ್ತೇನೆಂದು ಹೊರಟಳು. ಮಠದ ಹೆಬ್ಬಾಗಿಲಿಗೆ ಸಭೆಯವರ ಮುದ್ರೆ ಬಿದ್ದಿತ್ತು. ಪಕ್ಕದ ಗೋಡೆಯಲ್ಲಿ ಹಿಟ್ಟು ಬೇಳೆ ಒಳಗೆ ಕಳಿಸುವ ತಿರುಗುಪೆಟ್ಟಿಗೆ ಮಾತ್ರ ಉಳಿದಿತ್ತು. ಈ ಕಡೆ ಇಟ್ಟದ್ದನ್ನು ತಿರುಗಿಸಿದರೆ ಆ ಕಡೆ ಹೋಗುತ್ತದೆ, ಯಾರ ಮುಖ ಯಾರಿಗೂ ಕಾಣುವುದಿಲ್ಲ. ಆ ಮರದ ಹಲಗೆಗೆ ಬಾಯಿ ಹಚ್ಚಿ ಅವಳು ಬಂದ ಕಾರಣ ಹೇಳಿದಳು. ಹಿರಿಯಮ್ಮನನ್ನು ಕರೆಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ಆಗಲ್ಲ ತಾಯಿ," ಎಂದಿತು ಒಳಗಿನ ದನಿ. "ಒಬ್ಬಳನ್ನ ಒಳಗೆ ಬಿಟ್ಟೆವು ಅಂತ ಗೊತ್ತಾದ್ರೆ ಮಠಾನೇ ಮುಚ್ಚಿಸ್ತಾರೆ. ಹಾಸಿಗೆ ಹಿಡಿದಿರೋ ಮುದುಕೀರು ಇದ್ದಾರೆ ಇಲ್ಲಿ. ಅವರನ್ನ ಎಲ್ಲಿಗೆ ಕಳಿಸ್ಲಿ?"

ವಾಲ್ಬುರ್ಗಾ ಬೇಡಿದಳು. ಗೋಗರೆದಳು. ತಪ್ಪು ತನ್ನದು, ಮಗಳದಲ್ಲ ಎಂದಳು. ಸಭೆಯವರ ಕಾಲಿಗೆ ಬೀಳುತ್ತೇನೆ ಎಂದಳು. ಇದೇ ಮಗಳನ್ನು ಹೊರಗೆ ತರಲು ಪೇದೆ ಬೇಕೆಂದು ಅವಳು ಹಿಂದೆ ಸಭೆಯವರ ಕಾಲಿಗೆ ಬಿದ್ದಿದ್ದುದನ್ನು ಹಿರಿಯಮ್ಮ ನೆನಪು ಮಾಡಲಿಲ್ಲ. ಒಳಗೆ ಹೆಜ್ಜೆಗಳು ದೂರ ಹೋಗಿ ಮತ್ತೆ ಹತ್ತಿರ ಬಂದವು. ಆಮೇಲೆ ಪೆಟ್ಟಿಗೆ ಮೆಲ್ಲಗೆ ತಿರುಗಿತು. ಅದರಲ್ಲಿ ಒಂದು ಮರದ ಚಮಚ ಇತ್ತು. ಹಿಡಿ ಸವೆದಿತ್ತು, ತುದಿಯಲ್ಲಿ ಸಣ್ಣದಾಗಿ ಶಿಲುಬೆ ಕೊರೆದಿತ್ತು.

"ಅವಳದು. ಊಟದ ಮೇಜಲ್ಲಿ ಅವಳ ಜಾಗದಲ್ಲಿ ಹಾಗೇ ಇಟ್ಟಿದ್ವಿ," ಎಂದಿತು ದನಿ. "ದಿನಾ ಎತ್ತಿ ಒರೆಸಿ ಇಡ್ತಿದ್ವಿ. ಇನ್ನು ಅದು ಅವಳ ಹತ್ರಾನೇ ಇರಲಿ."

ಮನೆಗೆ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಫೈಟ್ ಮತ್ತು ಆಳುಗಳು ಉಂಡು ಕೆಳಗಿಳಿದಿದ್ದರು. ಕುನಿಗುಂಡಾ ಕೂಸನ್ನು ಮಲಗಿಸಲು ಹೋಗಿದ್ದಳು. ಅಪೊಲೋನಿಯಾ ಮೇಜಿನ ಬಳಿ, ಮಡಚಿದ ಶಾಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒಟ್ಟೀಲಿಯಾ ಅವಳ ಪಕ್ಕದಲ್ಲಿ. ಬಾರ್ಲಿ ಗಂಜಿ ಬಡಿಸಿತ್ತು, ಇಬ್ಬರೂ ಅಜ್ಜಿಗಾಗಿ ಕಾದಿದ್ದರು.

ವಾಲ್ಬುರ್ಗಾ ಚಮಚವನ್ನು ಮಗಳ ಮುಂದೆ ಇಟ್ಟಳು.

ಅಪೊಲೋನಿಯಾ ಅದನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮಠದಲ್ಲಿ ಒಬ್ಬಳ ಚಮಚ ಮೇಜು ಬಿಟ್ಟು ಹೊರಗೆ ಹೋಗುವುದು ಅವಳು ಸತ್ತಾಗ ಮಾತ್ರ. ಅದು ವಾಲ್ಬುರ್ಗಾಳಿಗೆ ಗೊತ್ತಿರಲಿಲ್ಲ. ಆದರೆ ಮಗಳ ಮುಖ ನೋಡಿದ ಮೇಲೆ ಗೊತ್ತಾಗಬೇಕಾದ್ದೆಲ್ಲ ಗೊತ್ತಾಯಿತು. ಅಪೊಲೋನಿಯಾ ತೊಡೆಯ ಮೇಲಿನ ಶಾಲು ತೆಗೆದು ಬೆಂಚಿನ ಮೇಲೆ ಇಟ್ಟಳು.

ವಾಲ್ಬುರ್ಗಾ ಮೇಜಿನ ಮುಂದಕ್ಕೆ ಬಂದಳು. ಎದೆಗೆ ಮುಷ್ಟಿಯಿಂದ ಮೂರು ಸಲ ಬಡಿದುಕೊಂಡಳು. ಅರವತ್ತು ದಾಟಿದ ಮೊಣಕಾಲುಗಳನ್ನು ಒಂದಾದ ಮೇಲೊಂದು ಕಲ್ಲುಹಾಸಿನ ಮೇಲೆ ಊರಿ, ತಲೆ ಬಗ್ಗಿಸಿದಳು.

ಗಂಜಿಯ ಹಬೆ ಆಡುತ್ತಿತ್ತು. ಕೆಳಗೆ ಯಂತ್ರ ಕಿರ್ರೆನ್ನುತ್ತಿತ್ತು. ಒಟ್ಟೀಲಿಯಾ ಅಜ್ಜಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಪುಟ್ಟ ಮುಷ್ಟಿ ಕಟ್ಟಿ ಮೇಜಿನ ಮೇಲೆತ್ತಿದಳು. ಅಪೊಲೋನಿಯಾ ಆ ಮುಷ್ಟಿಯನ್ನು ಅರ್ಧದಲ್ಲೇ ಹಿಡಿದುಕೊಂಡಳು.

"ಬೇಡ ಕಂದ."

"ಅಜ್ಜಿ ಕಾಲು ನೋಯತ್ತೆ ಅತ್ತೆ. ನೀನಾದ್ರೂ ತಟ್ಟು."

"ಅದು ನನ್ನ ಕೈಲಿಲ್ಲ," ಎಂದಳು ಅಪೊಲೋನಿಯಾ. ಆಮೇಲೆ ತಾಯಿಯ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ತಟ್ಟಬೇಕಾದೋರು ಆ ಬಾಗಿಲ ಒಳಗಿದ್ದಾರಮ್ಮ. ನೀವು ಏಳಿ."

ವಾಲ್ಬುರ್ಗಾ ಏಳಲಿಲ್ಲ. ಮನೆಗೆ ಬಂದ ಮೇಲೆ ಮಗಳು ಮೊದಲ ಸಲ ಅಮ್ಮ ಎಂದು ಕರೆದಿದ್ದಳು, ಅದು ಕಿವಿಗೆ ಬಿದ್ದಿತ್ತು. ಅದಕ್ಕಾಗಿಯೇ ಏಳಲಾಗಲಿಲ್ಲ. ಗಂಜಿಯ ಹಬೆ ನಿಂತು, ಮೇಲೆ ಕೆನೆ ಕಟ್ಟುವ ತನಕ ಹಾಗೇ ಇದ್ದಳು. ಕೊನೆಗೆ ಕಾಲು ಜೋಮು ಹಿಡಿದು, ಬೆಂಚಿನ ಅಂಚು ಹಿಡಿದುಕೊಂಡು ತಾನೇ ಎದ್ದು, ತನ್ನ ಜಾಗದಲ್ಲಿ ಕೂತಳು.

ಅಪೊಲೋನಿಯಾ ಹಳೆಯ ಚಮಚವನ್ನು ಗಂಜಿಗೆ ಅದ್ದಿದಳು. ಒಂದೆರಡು ತುತ್ತು ಉಂಡ ಮೇಲೆ ಎರಡೂ ಕೈಯ ಬೆರಳು ಜೋಡಿಸಿ ಗಾಳಿಯಲ್ಲಿ ದುಂಡು ಮಾಡಿದಳು. ವಾಲ್ಬುರ್ಗಾ ರೊಟ್ಟಿಯನ್ನು ಎದೆಗೊತ್ತಿ ಹಿಡಿದು, ಕತ್ತರಿಸಿ, ದೊಡ್ಡ ಹೋಳನ್ನೇ ಮಗಳ ಮುಂದಿಟ್ಟಳು.

ಆ ಮನೆಯಲ್ಲಿ ಅವರಿಬ್ಬರೂ ಆಮೇಲೆ ಎಷ್ಟೋ ವರ್ಷ ಒಂದೇ ಮೇಜಿನಲ್ಲಿ ಉಂಡರು. ಲಿನ್‌ಹಾರ್ಟ್‌ಗೆ ಬೇರೆ ಹೆಣ್ಣು ಸಿಕ್ಕಿದಳು. ನಸುಕಿನ ಕೀರ್ತನೆಗೆ ವಾಲ್ಬುರ್ಗಾ ತನ್ನ ಕೋಣೆಯನ್ನೇ ಬಿಟ್ಟುಕೊಟ್ಟಳು, ಕೂಸು ಬೆಳೆದು ಆ ದನಿಗೆ ಏಳುವುದನ್ನು ಬಿಟ್ಟಿತು. ವಾಲ್ಬುರ್ಗಾ ಮಾತ್ರ ಊಟಕ್ಕೆ ಕೂತಾಗಲೆಲ್ಲ ಮೇಜಿನ ಮೇಲಿದ್ದ ಮಗಳ ಕೈಯನ್ನೇ ಗಮನಿಸುತ್ತಿದ್ದಳು. ಆ ಕೈ ರೊಟ್ಟಿ ಕೇಳುತ್ತಿತ್ತು, ಹಾಲು ಕೇಳುತ್ತಿತ್ತು, ಉಪ್ಪು ಕೇಳುತ್ತಿತ್ತು. ಒಂದು ದಿನವೂ ಮೇಜು ತಟ್ಟಲಿಲ್ಲ.